ಸೊನ್ನೆಯಿಂದ ಆರರವರೆಗೆ

ಟೀಚರುಗಳು ಎಷ್ಟು ದಣಿದಿದ್ದಾರೆ ಎಂದು ಅಳೆಯಲು ನಮ್ಮ ಶಾಲೆಗೆ ಒಬ್ಬ ಹುಡುಗಿ ಬಂದಳು. ಒಂಬತ್ತು ಮಂದಿಯನ್ನು ಅಳೆದಳು. ಹನ್ನೊಂದು ಮಂದಿಯನ್ನು ಬಿಟ್ಟಳು. ಬಿಟ್ಟವರಲ್ಲಿ ನಾನೂ ಒಬ್ಬಳು.

ನನ್ನ ಹೆಸರು ಮಹಾನಂದಾ ಕಾಂಬಳೆ. ಊರು ಇಂಡಿ ತಾಲೂಕು, ಬೆಳೆದದ್ದು ಮುಂಬಯಿ ಹೊರಗಿನ ಮುಂಬ್ರಾದ ಗುಡ್ಡದ ಬುಡದಲ್ಲಿ, ಈಗ ಇರುವುದು ಅಲ್ಲೇ ಹತ್ತಿರ ದಿವಾದ ಒಂದು ಚಾಳಿನ ಸಾಲುಮನೆಯಲ್ಲಿ. ಕೆಲಸ ಡೊಂಬಿವಲಿ ಪೂರ್ವದ ಶಾಲೆಯಲ್ಲಿ. ಉಡುಪಿ ಕಡೆಯ ಹೋಟೆಲಿನವರು ಸೇರಿ ಕಟ್ಟಿದ ಟ್ರಸ್ಟಿನ ಶಾಲೆ ಅದು. ಅಲ್ಲಿ ನಾನು ಎಂಟು ವರ್ಷದಿಂದ ತಾಸಿಕಾ ಟೀಚರ್. ಅಂದರೆ ತಾಸಿನ ಲೆಕ್ಕದವಳು. ಪಾಠ ಮಾಡುವ ತಾಸಿನಲ್ಲಿ ಮಾತ್ರ ನಾನು ಟೀಚರ್. ಗಂಟೆ ಬಾರಿಸಿದ ಮೇಲೆ ಯಾರೂ ಅಲ್ಲ.

ಪರ್ಮನೆಂಟ್ ಟೀಚರುಗಳು ಬೆಳಗ್ಗೆ ಒಂದು ಸಹಿ ಹಾಕಿ ಸ್ಟಾಫ್ ರೂಮಿನಲ್ಲಿ ಕೂರುತ್ತಾರೆ. ನಾವು ಪ್ರತಿ ಪೀರಿಯಡ್ ಮುಗಿದ ಮೇಲೆ ಆಫೀಸಿಗೆ ಹೋಗಿ, ನಿಂತುಕೊಂಡು, ಬೇರೆ ರಿಜಿಸ್ಟರಿನಲ್ಲಿ ಸಹಿ ಹಾಕಬೇಕು. ದಿನಕ್ಕೆ ಏಳು ಪೀರಿಯಡ್, ಏಳು ಸಹಿ. ನಮಗೆ ಸ್ಟಾಫ್ ರೂಮಿನಲ್ಲಿ ಕುರ್ಚಿ ಇಲ್ಲ. ಕೆಳಗಿನ ಲ್ಯಾಬಿನಲ್ಲಿ ಸ್ಟೂಲುಗಳಿವೆ, ಬೆನ್ನು ಆನಿಸಲು ಏನೂ ಇಲ್ಲ. ಟೀಚರುಗಳ ಟಾಯ್ಲೆಟ್ಟಿನ ಕೀಲಿ ಸ್ಟಾಫ್ ರೂಮಿನ ಮೊಳೆಗೆ ತೂಗುತ್ತದೆ. ಕೇಳಿದರೆ ಇಲ್ಲ ಅನ್ನುವುದಿಲ್ಲ. 'ಈಗಲೇ ಬೇಕಾ?' ಅನ್ನುತ್ತಾರೆ. ಹಾಗೆ ಅನ್ನಿಸಿಕೊಳ್ಳುವುದಕ್ಕಿಂತ ತಡೆದುಕೊಳ್ಳುವುದೇ ವಾಸಿ ಎಂದು ನೀರು ಕುಡಿಯುವುದನ್ನೇ ಬಿಟ್ಟೆ. ಉರಿಮೂತ್ರವಾಗಿ ಮೂರು ಸಲ ಮಾತ್ರೆ ನುಂಗಿದ್ದೇನೆ. ಮೊದಲ ವರ್ಷ ಒಂದು ತಿಂಗಳು ಅವರ ಜೊತೆ ಕೂತು ಉಂಡಿದ್ದೆ. ನನ್ನ ಶೇಂಗಾ ಚಟ್ನಿ ಎಲ್ಲರಿಗೂ ಬೇಕಿತ್ತು. ಕಾಂಬಳೆ ಎಂಬ ಅಡ್ಡಹೆಸರಿನಿಂದ ಜಾತಿ ಗೊತ್ತಾದ ಮೇಲೆ ನನ್ನ ಡಬ್ಬಿಯ ಕಡೆ ಕೈ ಬರುವುದು ನಿಂತಿತು. ಯಾರೂ ಏನೂ ಅನ್ನಲಿಲ್ಲ. ನಾನೇ ಡಬ್ಬಿ ಎತ್ತಿಕೊಂಡು ಲ್ಯಾಬಿಗೆ ಇಳಿದೆ.

ನಮ್ಮವ್ವ ಘಣಸೋಲಿಯಲ್ಲಿ ಟವರುಗಳು ಏಳುವಾಗ ಹತ್ತು ವರ್ಷ ಉಸುಕಿನ ಬುಟ್ಟಿ ಹೊತ್ತವಳು. 'ನೀ ಕುಂತು ಮಾಡೂ ಕೆಲಸ ಹಿಡಿ' ಎಂದು ನನ್ನನ್ನು ಓದಿಸಿದಳು. ನನ್ನ ಕೆಲಸದಲ್ಲಿ ಕೂರಲು ಕುರ್ಚಿಯೇ ಇಲ್ಲವೆಂದು ಅವಳಿಗೆ ಇವತ್ತಿನವರೆಗೂ ಹೇಳಿಲ್ಲ.

ಕನ್ನಡ ಮೀಡಿಯಂನ ಐದು, ಆರು, ಏಳು, ಮೂರು ತರಗತಿಯೂ ನನ್ನವು. ಮೂರನ್ನೂ ಒಂದೇ ಹಾಲಿನಲ್ಲಿ ಕೂರಿಸಿದ್ದಾರೆ. ಅರವತ್ತೆರಡು ಮಕ್ಕಳು. ಬೆಳಗ್ಗೆ ನಾಕಾದಲ್ಲಿ, ಅಂದರೆ ರಸ್ತೆ ಕೂಡುವಲ್ಲಿ, ಕೂಲಿಗೆ ನಿಲ್ಲುವವರ ಮಕ್ಕಳು, ಹೋಟೆಲಿನಲ್ಲಿ ತಟ್ಟೆ ತೊಳೆಯುವವರ ಮಕ್ಕಳು. ಐದರವರಿಗೆ ಗುಣಾಕಾರ ಹಾಕಿಕೊಟ್ಟು, ಆರರವರಿಗೆ ಪದ್ಯ ಓದಿಸಿ, ಏಳರವರಿಗೆ ವಿಜ್ಞಾನ ಹೇಳಬೇಕು, ಎಲ್ಲವೂ ಒಂದೇ ಪೀರಿಯಡ್ಡಿನಲ್ಲಿ. ಕಿಟಕಿಯ ಪಕ್ಕದಲ್ಲೇ ಹಳೆಯ ಸೊಸೈಟಿ ಬಿಲ್ಡಿಂಗ್ ಕೆಡವಿ ಹೊಸದು ಕಟ್ಟುತ್ತಿದ್ದಾರೆ. ಬೆಳಗ್ಗೆಯಿಂದ ಸಂಜೆಯವರೆಗೆ ಮಷಿನ್ನು ನೆಲಕ್ಕೆ ಗುದ್ದುತ್ತದೆ. ಕಿಟಕಿ ಮುಚ್ಚಿದರೆ ಉಸಿರು ಕಟ್ಟುತ್ತದೆ, ತೆರೆದರೆ ನನ್ನ ಮಾತು ನನಗೇ ಕೇಳಿಸುವುದಿಲ್ಲ. ಎರಡು ವರ್ಷ ನಾನು ಆ ಮಷಿನ್ನಿನ ಮೇಲೆ ಕೂಗಿ ಪಾಠ ಮಾಡಿದೆ.

ಜನವರಿಯಲ್ಲಿ ಗಂಟಲು ಹೋಯಿತು. ಮೊದಲು ಬೆಳಗ್ಗೆ ಮಾತ್ರ ದನಿ ಒಡೆಯುತ್ತಿತ್ತು. ಆಮೇಲೆ ಮೂರನೆಯ ಪೀರಿಯಡ್ಡಿಗೆಲ್ಲ ಗಾಳಿಯಷ್ಟೇ ಬರತೊಡಗಿತು. "ಟೀಚರ್, ಆವಾಜ್ ಕುಠೇ ಗೇಲಾ?" ಎಂದು ಮಕ್ಕಳು ನಕ್ಕರು. ಆವಾಜ್ ಎಲ್ಲಿ ಹೋಯಿತೋ ನನಗೂ ಗೊತ್ತಿರಲಿಲ್ಲ. ಕಳವಾ ಎಂಬಲ್ಲಿನ ಆಸ್ಪತ್ರೆಯಲ್ಲಿ ಡಾಕ್ಟರು ಮೂಗಿನಿಂದ ಒಂದು ಕೊಳವೆ ಇಳಿಸಿ ನೋಡಿದರು. ಎರಡು ಗಂಟುಗಳಾಗಿವೆ ಎಂದರು. ಮೂರು ವಾರ ಒಂದು ಶಬ್ದವೂ ಆಡಬಾರದು, ಪಿಸುಮಾತೂ ಕೂಡದು. ಆಡಿದರೆ ಆಪರೇಷನ್. ಆಪರೇಷನ್ ಆದಮೇಲೂ ಮೊದಲಿನ ದನಿ ಬರುತ್ತದೆಂದು ಹೇಳಲಾಗುವುದಿಲ್ಲ. "ಕಾಮ್ ಕ್ಯಾ ಕರ್ತೇ ಹೋ?" ಎಂದು ಕೇಳಿದರು. ಟೀಚರ್ ಎಂದೆ. ಅವರು ಪೆನ್ನು ಕೆಳಗಿಟ್ಟು ನನ್ನ ಮುಖ ನೋಡಿದರು.

ಆ ಚೀಟಿ ಹಿಡಿದು ನಾನು ಪ್ರಿನ್ಸಿಪಾಲ್ ರಮಾಮಣಿ ಮೇಡಂ ಹತ್ತಿರ ಹೋದೆ. ಮೇಡಂ ಉಡುಪಿಯವರು. ಆರು ವರ್ಷದಿಂದ ಪ್ರಿನ್ಸಿಪಾಲ್. ಆರು ವರ್ಷದಿಂದ ಕೈಯಲ್ಲಿ ಚಾಕ್ ಹಿಡಿದಿಲ್ಲ.

"ಮೂರು ವಾರ ಮಾತಾಡಬ್ಯಾಡ ಅಂದಾರ್ರಿ ಮೇಡಂ. ರಜಾ ಬೇಕಾಗಿತ್ರಿ," ಎಂದೆ.

ಮೇಡಂ ಚೀಟಿ ಓದಿದರು. "ಅಯ್ಯೋ ಪಾಪ," ಎಂದರು. ಆಮೇಲೆ ಚೀಟಿಯನ್ನು ನನ್ನ ಕಡೆಗೇ ಸರಿಸಿದರು. "ನೋಡು ಮಹಾನಂದಾ, ರಜೆ ಕೊಡ್ಲಿಕ್ಕೆ ನೀನು ಪರ್ಮನೆಂಟ್ ಅಲ್ಲ ಅಲ್ವಾ. ತಾಸಿಗೆ ಬರುವವರಿಗೆ ರಜೆ ಅಂತ ಒಂದು ಕಾಲಮ್ಮೇ ಇಲ್ಲ. ನಾನು ಎಲ್ಲಿಂದ ತರುದು? ನೀನು ಬರದಿದ್ರೆ ಆ ತಾಸು ಬೇರೆಯವರಿಗೆ ಹೋಗ್ತದೆ. ಮತ್ತೆ ಜೂನಿನಲ್ಲಿ ನಿನ್ನನ್ನು ಕರಿಲಿಕ್ಕೆ ನನ್ನ ಕೈಯಲ್ಲಿ ಇರುದಿಲ್ಲ."

"ದನಿನೇ ಹೋದ್ರ ಹೆಂಗ ಕಲಸ್ಲಿರಿ?"

"ಜೇನುತುಪ್ಪ ತಕ್ಕೊ. ಬಿಸಿನೀರು ಕುಡಿ."

ಬಿಸಿನೀರು ಕುಡಿದರೆ ಹೋಗಬೇಕಾದದ್ದು ಎಲ್ಲಿಗೆ ಎಂದು ಕೇಳಬೇಕು ಅನಿಸಿತು. ಕೇಳಲಿಲ್ಲ. ಮಧ್ಯಾಹ್ನ ಮತ್ತೆ ಹಾಲಿಗೆ ಹೋಗಿ ಕೂಗಿದೆ.

ಆ ವಾರವೇ ಆಶ್ರಿತಾ ಬಂದಳು. ಬೆಂಗಳೂರಿನವಳು, ಐರೋಲಿಯಲ್ಲಿ ಮನೆ. ಟೀಚರುಗಳ ದಣಿವಿನ ಬಗ್ಗೆ ಒಂದು ಸಂಸ್ಥೆಗಾಗಿ ಸಂಶೋಧನೆ ಮಾಡುತ್ತಿದ್ದಳು. ಠಾಣೆ, ಕಲ್ಯಾಣ, ನವಿ ಮುಂಬಯಿಯ ನಲವತ್ತು ಶಾಲೆಗಳನ್ನು ಆರಿಸಿದ್ದರಂತೆ. ದಣಿವು ಕಡಿಮೆ ಇರುವ ಶಾಲೆಗಳಿಗೆ ಸಂಸ್ಥೆಯಿಂದ 'ಸಂತೃಪ್ತ ಶಾಲೆ' ಎಂಬ ಸರ್ಟಿಫಿಕೇಟ್. ನಮ್ಮ ಟ್ರಸ್ಟಿನ ಅಧ್ಯಕ್ಷರು ಮುರಾರಿ ರಾಯರು. ಡೊಂಬಿವಲಿ, ಕಲ್ಯಾಣ ಎರಡೂ ಕಡೆ ಅವರ ಹೋಟೆಲುಗಳಿವೆ. ಆ ಸರ್ಟಿಫಿಕೇಟ್ ಅವರ ತಲೆಯಲ್ಲಿ ಕೂತುಬಿಟ್ಟಿತು. ಅಡ್ಮಿಷನ್ನಿನ ಪ್ಯಾಂಪ್ಲೆಟ್ಟಿನಲ್ಲಿ ಅದು ಇರಲೇಬೇಕು ಎಂದು ಮೇಡಂಗೆ ಹೇಳಿಬಿಟ್ಟರು.

ಆಶ್ರಿತಾ ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ವಿವರಿಸಿದಳು. ಕುರ್ಚಿಗಳನ್ನು ಒಳಗೆ ಹೊತ್ತು ಹಾಕಿದವಳು ನಾನು. ಹಾಕಿ ಬಾಗಿಲ ಹತ್ತಿರ ನಿಂತೆ.

"ಇಪ್ಪತ್ತು ವಾಕ್ಯ ಇದೆ ಮೇಡಂ. ಪ್ರತಿಯೊಂದರ ಮುಂದೆ ಸೊನ್ನೆಯಿಂದ ಆರರವರೆಗೆ ಒಂದು ನಂಬರ್ ಹಾಕ್ಬೇಕು. ಸೊನ್ನೆ ಅಂದ್ರೆ ಯಾವತ್ತೂ ಇಲ್ಲ. ಆರು ಅಂದ್ರೆ ದಿನಾ. ಸರಿ ತಪ್ಪು ಅಂತ ಏನೂ ಇಲ್ಲ, ಆಯ್ತಾ? ನಿಮಗೆ ಏನನ್ಸುತ್ತೋ ಅದು."

ಒಳ್ಳೆಯ ಹುಡುಗಿಯೇ. ದನಿ ಮೆತ್ತಗಿತ್ತು. ಯಾವತ್ತೂ ಮಷಿನ್ನಿನ ಮೇಲೆ ಕೂಗಿದ ದನಿಯಲ್ಲ. ಅವಳು ಒಂದು ವಾಕ್ಯ ಓದಿ ತೋರಿಸಿದಳು: 'ಶಾಲೆಯ ಗೇಟು ಕಂಡ ಕೂಡಲೇ ತಿರುಗಿ ಹೋಗಿಬಿಡೋಣ ಅನಿಸುತ್ತದೆ.' ನನ್ನ ಬೆಳಗುಗಳನ್ನು ಇವಳು ಎಲ್ಲಿಂದ ನೋಡಿದಳು ಅನಿಸಿತು. ಇದನ್ನು ತುಂಬಿ ಕೊಟ್ಟರೆ, ಯಾರೋ ದೊಡ್ಡವರು ಓದಿದರೆ, ಈಕೆಗೆ ಮೂರು ವಾರ ಬಿಡಿ ಎಂದು ಬರೆದು ಕಳಿಸಬಹುದು. ಹಾಗೆ ಆಸೆಪಟ್ಟೆ. ಮೂರ್ಖಳು ನಾನು.

ಹೊರಗೆ ಬಂದಾಗ ಅವಳನ್ನು ನಿಲ್ಲಿಸಿ ಕೇಳಿದೆ. "ನನಗೊಂದು ಫಾರ್ಮು ಬೇಕಿತ್ರಿ."

"ನೀವು...?"

"ಟೀಚರ್ ಅದೀನ್ರಿ. ತಾಸಿಕಾ."

ಅವಳ ಮುಖ ಸಣ್ಣದಾಯಿತು. "ಸಾರಿ ಮೇಡಂ. ಅಪ್ರೂವ್ಡ್ ಪೋಸ್ಟ್ ಇರೋ ಫುಲ್ ಟೈಮ್ ಟೀಚರ್ಸ್ ಮಾತ್ರ. ನಮ್ಮ ಸ್ಯಾಂಪಲ್ ಹಾಗೇ ಡಿಸೈನ್ ಆಗಿದೆ. ನಾನು ಬದಲಾಯಿಸೋಕಾಗಲ್ಲ."

"ದಿನಕ್ಕ ಏಳು ಪೀರಿಯಡ್ ತಗೋತೀನ್ರಿ ನಾ. ಅವರು ನಾಕೇ ತಗೋತಾರ."

"ಅರ್ಥ ಆಗುತ್ತೆ ಮೇಡಂ," ಎಂದಳು. ಅರ್ಥ ಆಗುತ್ತದೆ ಎಂದವರು ಯಾರೂ ಏನೂ ಮಾಡುವುದಿಲ್ಲ.

ಮರುದಿನ ರಮಾಮಣಿ ಮೇಡಂ ನನ್ನನ್ನು ಕರೆಸಿದರು. ಅಂದು ನನಗೆ ಗಾಳಿಯೂ ಬರುತ್ತಿರಲಿಲ್ಲ. ಮೇಡಂ ನಗುತ್ತಿದ್ದರು.

"ನಿನಗೆ ಒಂದು ದಾರಿ ಮಾಡಿದ್ದೇನೆ. ನಮ್ಮ ಟೀಚರ್ಸಿಗೆ ಪರೀಕ್ಷೆ, ಪೇಪರು ಅಂತ ಪುರುಸೊತ್ತೇ ಇಲ್ಲ. ನಿನ್ನ ಅಕ್ಷರ ಮುತ್ತಿನ ಹಾಗೆ ಉಂಟು. ಒಂದು ವಾರ ಕೆಳಗೆ ಲ್ಯಾಬಿನಲ್ಲಿ ಕೂತು ಆ ಒಂಬತ್ತು ಫಾರ್ಮು ತುಂಬಿಸು. ಆನ್‌ಲೈನಿಗೆ ಹಾಕಲಿಕ್ಕೆ ಮಕ್ಕಳ ಮಾಹಿತಿ ಉಂಟಲ್ಲ, ಅದನ್ನೂ ಮುಗಿಸು. ನಿನ್ನ ಕ್ಲಾಸು ಮಾನಸಿ ನೋಡಿಕೊಳ್ತಾಳೆ. ಅದಾದ ಮೇಲೆ ಮೂರು ವಾರ ನೀನು ಬರುದು ಬೇಡ. ತಾಸು ಬೇರೆಯವರಿಗೆ ಕೊಡುದಿಲ್ಲ. ಆಯ್ತಾ?"

ಆಯ್ತು ಎಂದು ತಲೆಯಾಡಿಸಿದೆ. ಕೈ ಮುಗಿದೆ ಕೂಡ. ಆ ಕೈ ಮುಗಿದದ್ದನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಮಾನಸಿಯೂ ತಾಸಿನವಳೇ. ತನ್ನ ನಾಲ್ಕನೆಯ ತರಗತಿಯ ಜೊತೆಗೆ ನನ್ನ ಮೂರನ್ನೂ ಅವಳ ತಲೆಗೆ ಕಟ್ಟಿದ್ದರು. ಸಂಜೆ ಲ್ಯಾಬಿಗೆ ಬಂದು ಸ್ಟೂಲಿನ ಮೇಲೆ ಕುಸಿದು ಚಪ್ಪಲಿ ಕಳಚಿದಳು. ಪಾದ ಬಾತಿತ್ತು. "ನೀವು ಬೇಗ ಗುಣ ಆಗಿ ಅಕ್ಕ," ಎಂದಳು. ಅಷ್ಟೇ ಅಂದದ್ದು.

ಫಾರ್ಮಿನ ಕಥೆ ಕೇಳಿ. ಟೀಚರುಗಳ ಕೈಗೆ ಯಾವ ಕಾಗದ ಕೊಟ್ಟರೂ ಅದು ಪರೀಕ್ಷೆಯ ಪೇಪರೇ. ಅನಸೂಯ ಟೀಚರ್ ಮೈಸೂರಿನವರು, ಮೂವತ್ತು ವರ್ಷ ಸರ್ವಿಸ್ ಆದವರು, ಪರ್ಮನೆಂಟಿನವರಲ್ಲಿ ನನ್ನನ್ನು ಮನುಷ್ಯಳಂತೆ ನೋಡುವವರು ಅವರೊಬ್ಬರೇ. ಅವರು ಫಾರ್ಮು ಹಿಡಿದು ಲ್ಯಾಬಿಗೆ ಬಂದು ಮೆಲ್ಲಗೆ ಕೇಳಿದರು, "ಮಗು, ಇದ್ರಲ್ಲಿ ಪಾಸ್ ಮಾರ್ಕ್ ಎಷ್ಟು?"

ನಾನು ಕಾಗದದಲ್ಲಿ ಬರೆದು ತೋರಿಸಿದೆ. ಪಾಸು ಫೇಲು ಇಲ್ಲ, ನಿಮಗೆ ಅನಿಸಿದ್ದನ್ನು ಹೇಳಿ.

ಅವರು ಸ್ಟೂಲಿನ ಮೇಲೆ ಕೂತು ಮೊದಲ ವಾಕ್ಯ ಓದಿದರು. ಕನ್ನಡಕ ತೆಗೆದರು. "ಗೇಟು ಕಂಡ್ರೆ ನಂಗೂ ದಿನಾ ಹೀಗೇ ಅನ್ಸತ್ತೆ ಕಣೇ. ಹೋದ ತಿಂಗಳು ಟ್ರೇನಲ್ಲಿ ಡೊಂಬಿವಲಿ ಬಂದ್ರೂ ಇಳೀಲಿಲ್ಲ ನಾನು. ಕಲ್ಯಾಣ್ ತನಕ ಹೋಗಿ ಪ್ಲಾಟ್‌ಫಾರಮ್ಮಲ್ಲಿ ಕೂತಿದ್ದು, ಅರ್ಧ ದಿನ ಸಿ.ಎಲ್. ಹಾಕಿದೆ. ಯಾರಿಗೂ ಹೇಳ್ಬೇಡ." ಆಮೇಲೆ ಬಾಗಿ ಕೇಳಿದರು, "ಆರು ಅಂತ ಬರೆದ್ರೆ ಪೆನ್ಷನ್ನಿಗೆ ಏನಾದ್ರೂ ತೊಂದ್ರೆ ಆಗತ್ತಾ?"

ನಾನು ಆರು ಎಂದೇ ಬರೆಯಲು ಪೆನ್ನು ತೆಗೆದೆ. ಅಷ್ಟರಲ್ಲಿ ಗಣಿತದ ಜಯಂತ್ ಸರ್ ಒಳಗೆ ಬಂದರು. ಅವರ ಕೈಯಲ್ಲಿ ಫಾರ್ಮಿನ ಒಂದು ಝೆರಾಕ್ಸ್ ಪ್ರತಿ, ಪೆನ್ಸಿಲಿನಲ್ಲಿ ತುಂಬಿದ್ದು ಇತ್ತು. ಮೇಡಂ ಅದನ್ನು ನೋಡಿ ಒಪ್ಪಿದ್ದರಂತೆ. ಒಂದು, ಸೊನ್ನೆ, ಒಂದು, ಎರಡು, ಸೊನ್ನೆ. ಇಪ್ಪತ್ತಕ್ಕೂ ಹೀಗೆ ಚಿಕ್ಕ ಚಿಕ್ಕ ನಂಬರು. "ಇದು ಮಾದರಿ ಉತ್ತರ. ಎಲ್ಲರದ್ದೂ ಇದೇ ಪ್ರಕಾರ ಹಾಕ್ಬೇಕಂತೆ," ಎಂದು ನನ್ನ ಮುಂದೆ ಇಟ್ಟರು.

ಬೋರ್ಡ್ ಪರೀಕ್ಷೆಗೆ ಮಾದರಿ ಉತ್ತರ ಪತ್ರಿಕೆ ಬರುತ್ತದಲ್ಲ, ಹಾಗೆ. ಅನಸೂಯ ಟೀಚರಿಗೆ ಸಮಾಧಾನವಾಯಿತು. "ಅಬ್ಬ, ಸರಿಯುತ್ತರ ಸಿಕ್ತಲ್ಲ," ಎಂದು ಎದ್ದು ಹೋದರು. ಮೂವತ್ತು ವರ್ಷ ಮಕ್ಕಳ ಕಾಪಿ ಹಿಡಿದ ಹೆಂಗಸು.

ಆ ಮಾದರಿಯಲ್ಲಿ ಒಂದು ತಪ್ಪಿತ್ತು. ಹದಿನಾಲ್ಕನೆಯ ವಾಕ್ಯ: 'ಮಕ್ಕಳು ಕಲಿತದ್ದು ಕಂಡಾಗ ನನಗೆ ಸಂತೋಷವಾಗುತ್ತದೆ.' ಜಯಂತ್ ಸರ್ ಅಲ್ಲೂ ಸೊನ್ನೆ ಹಾಕಿದ್ದರು. ಹದಿನೇಳು, ಹತ್ತೊಂಬತ್ತು ಕೂಡ ಅಂಥವೇ, ಅಲ್ಲೂ ಸೊನ್ನೆ. ವಾಕ್ಯವನ್ನು ಓದಿಯೇ ಇರಲಿಲ್ಲ. ನಾನು ಚೀಟಿಯಲ್ಲಿ ಬರೆದು ಮೇಡಂಗೆ ತೋರಿಸಿದೆ. 'ಇಲ್ಲಿ ದೊಡ್ಡ ನಂಬರ್ ಬರಬೇಕು.' ಮೇಡಂ ಚೀಟಿ ಓದಿ ಬುಟ್ಟಿಗೆ ಹಾಕಿದರು. "ಜಯಂತ್ ಎಂ.ಎಸ್ಸಿ. ಮಾಡಿದವರು. ನೀನು ಬರೀ ಬರಿ. ತಲೆ ಓಡಿಸುದು ಬೇಡ."

ಬರೆದೆ. ಒಂಬತ್ತು ಸಲ ಬರೆದೆ. ಯಾವತ್ತೂ ದಣಿಯದ, ಯಾವತ್ತೂ ಸಂತೋಷವಾಗದ ಒಂಬತ್ತು ಟೀಚರುಗಳು ನನ್ನ ಕೈಯಿಂದ ಹುಟ್ಟಿದರು. ಅವರೆಲ್ಲ ಬಂದು ಕೆಳಗೆ ಸಹಿ ಹಾಕಿ ಹೋದರು. ಒಬ್ಬರೂ ಓದಲಿಲ್ಲ. ಮಂಗಳವಾರ ಫಾರ್ಮು ಹೋದವು. ಬುಧವಾರ ಮೇಡಂ ನನ್ನನ್ನು ಮತ್ತೆ ಹಾಲಿಗೆ ಕಳಿಸಿದರು. ರಜೆ ಸೋಮವಾರದಿಂದ, ಮೂರು ದಿನ ಹೇಗಾದರೂ ದಬ್ಬು ಎಂದರು. ನಾನು ಬೋರ್ಡಿನ ಮೇಲೆ ಬರೆದು, ಡಸ್ಟರಿನಿಂದ ಟೇಬಲ್ಲು ಕುಟ್ಟಿ ದಬ್ಬಿದೆ.

ಶುಕ್ರವಾರ ನಾಲ್ಕನೆಯ ಪೀರಿಯಡ್ ನಡೆಯುತ್ತಿದ್ದಾಗ ಸಿಪಾಯಿ ಶಂಭು ಬಂದು ಮೇಡಂ ಕರೆಯುತ್ತಿದ್ದಾರೆ ಎಂದ. ಅವನ ಮುಖ ನೋಡಿಯೇ ಏನೋ ಇದೆ ಅನಿಸಿತು. ಮಕ್ಕಳಿಗೆ ಬೋರ್ಡಿನ ಮೇಲಿನ ಲೆಕ್ಕ ತೋರಿಸಿ ಹೋದೆ. ಆಫೀಸು ನಮ್ಮ ಹಾಲಿನ ಪಕ್ಕದಲ್ಲೇ, ನಡುವೆ ಒಂದು ಪ್ಲೈವುಡ್ ಗೋಡೆ. ಒಳಗೆ ಮುರಾರಿ ರಾಯರು ಮೇಡಂ ಕುರ್ಚಿಯಲ್ಲಿ ಕೂತಿದ್ದರು. ಮೇಡಂ ಪಕ್ಕದಲ್ಲಿ. ಎದುರಿಗೆ ಆಶ್ರಿತಾ, ಮೂಲೆಯಲ್ಲಿ ಅನಸೂಯ ಟೀಚರ್. ಟೇಬಲ್ಲಿನ ಮೇಲೆ ನನ್ನ ಒಂಬತ್ತು ಫಾರ್ಮುಗಳು.

"ಮೇಡಂ, ಒಂಬತ್ತೂ ಒಂದೇ ಥರ ಇವೆ," ಎಂದು ಆಶ್ರಿತಾ ಹೇಳುತ್ತಿದ್ದಳು. "ಒಂದು ನಂಬರೂ ಆಚೀಚೆ ಇಲ್ಲ. ಹ್ಯಾಂಡ್‌ರೈಟಿಂಗೂ ಒಂದೇ. ದಣಿವೇ ಇಲ್ಲ ಅಂತೀರ, ಸಂತೋಷನೂ ಇಲ್ಲ ಅಂತೀರ. ಇದನ್ನ ನಾನು ಡೇಟಾ ಅಂತ ತಗೊಳೋಕೆ ಹೇಗಾಗುತ್ತೆ? ಶಾಲೆನ ಲಿಸ್ಟಿಂದ ತೆಗೀಬೇಕಾಗುತ್ತೆ."

"ಎಂಥ ಕಥೆ ಮಾರಾಯ್ರೆ ಇದು," ಎಂದರು ಮುರಾರಿ ರಾಯರು. "ಪ್ಯಾಂಪ್ಲೆಟ್ ಪ್ರಿಂಟಿಗೆ ಹೋಗಿ ಆಗಿದೆ. ಯಾರು ಮಾಡಿದ್ದು ಇದು?"

ಮೇಡಂ ನನ್ನ ಕಡೆ ಕೈ ತೋರಿಸಿದರು. "ಇವಳಿಗೆ ಎಲ್ಲರ ಹತ್ತಿರ ಕೇಳಿ ತುಂಬಿಸು ಅಂತ ಹೇಳಿದ್ದೆ. ಇವಳು ಯಾರನ್ನೂ ಕೇಳ್ದೆ ಮನಸ್ಸಿಗೆ ಬಂದ ಹಾಗೆ ಬರೆದು ಕೊಟ್ಟಿದ್ದಾಳೆ. ಹುಷಾರಿಲ್ಲ ಅಂತ ಕೂತು ಮಾಡುವ ಕೆಲಸ ಕೊಟ್ರೆ ಹೀಗೆ."

ನಾನು ಅನಸೂಯ ಟೀಚರ ಕಡೆ ನೋಡಿದೆ. ಅವರು ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತಿದ್ದರು. ಮಾದರಿ ಉತ್ತರ ಬಂದಾಗ ಅವರು ಅಲ್ಲೇ ಇದ್ದವರು. ತಲೆ ಎತ್ತಲಿಲ್ಲ.

ಮೇಡಂ ಒಂದು ಟೈಪ್ ಮಾಡಿದ ಕಾಗದ ನನ್ನ ಮುಂದೆ ಇಟ್ಟರು. ಮೊದಲೇ ತಯಾರಾಗಿತ್ತು. "ಸಹಿ ಹಾಕು. ತಪ್ಪು ನಿನ್ನದು ಅಂತ ಆದ್ರೆ ಇವರು ಹೊಸ ಫಾರ್ಮು ಕೊಡ್ತಾರೆ, ಶಾಲೆಯ ಹೆಸರು ಉಳೀತದೆ. ಸೋಮವಾರದಿಂದ ನಿನ್ನ ಮೂರು ವಾರ ಹಾಗೇ ಉಂಟು. ಜೂನಿನಲ್ಲಿ ತಾಸೂ ಉಂಟು. ನಾನು ಮಾತು ಕೊಟ್ಟದ್ದು." ಆಮೇಲೆ ದನಿ ತಗ್ಗಿಸಿದರು. "ಹಾಕದಿದ್ರೆ ಇವತ್ತಿಗೇ ಮುಗೀತು, ಗೊತ್ತಾಯ್ತಲ್ಲ."

ಕಾಗದ ಓದಿದೆ. 'ಶಿಕ್ಷಕರ ಗಮನಕ್ಕೆ ತರದೆ, ನನ್ನ ಸ್ವಂತ ಅಜ್ಞಾನದಿಂದ, ನಾನೇ ಫಾರ್ಮುಗಳನ್ನು ತುಂಬಿರುತ್ತೇನೆ. ಕ್ಷಮೆ ಇರಲಿ.' ಕೆಳಗೆ ನನ್ನ ಹೆಸರು. ಹೆಸರಿನ ಕೆಳಗೆ: ಸಹಾಯಕಿ.

ಸತ್ಯ ಹೇಳುತ್ತೇನೆ. ಅಜ್ಞಾನ ಎಂಬಲ್ಲಿಯವರೆಗೂ ನನ್ನ ಕೈ ಪೆನ್ನಿನ ಕಡೆಗೇ ಹೋಗುತ್ತಿತ್ತು. ಮೂರು ವಾರ. ನನ್ನ ದನಿ. ಸಹಿ ಹಾಕಿದರೆ ಎರಡೂ ಉಳಿಯುತ್ತವೆ. ನಾನು ಎಂಥೆಂಥದಕ್ಕೋ ಸಹಿ ಹಾಕಿದವಳು, ದಿನಕ್ಕೆ ಏಳು ಸಲ. ಸಹಾಯಕಿ ಎಂಬ ಶಬ್ದ ಓದಿದಾಗ ಕೈ ನಿಂತಿತು. ಬಿ.ಎ., ಬಿ.ಎಡ್. ಮಾಡಿದ್ದೇನೆ. ಭಿವಂಡಿಯ ಗೋದಾಮಿನಲ್ಲಿ ಹಗಲು ಡಬ್ಬ ಕಟ್ಟಿ, ಸಂಜೆ ಓದಿ ಮಾಡಿದ್ದೇನೆ. ಎಂಟು ವರ್ಷದಲ್ಲಿ ಅಕ್ಷರ ಗೊತ್ತಿಲ್ಲದೆ ಬಂದ ಎಷ್ಟೋ ಮಕ್ಕಳು ನನ್ನ ಹಾಲಿನಿಂದ ಓದುತ್ತ ಹೊರಗೆ ಹೋಗಿದ್ದಾರೆ. ದಣಿವು ಅಳೆಯುವಾಗ ನಾನು ಟೀಚರ್ ಅಲ್ಲ. ಬೈಗುಳ ತಿನ್ನುವಾಗಲೂ ಅಲ್ಲ. ಹಾಗಾದರೆ ಎರಡು ವರ್ಷ ಆ ಮಷಿನ್ನಿನ ಮೇಲೆ ಕೂಗಿದವಳು ಯಾರು?

ಪೆನ್ನು ಕೆಳಗಿಟ್ಟೆ. ಚೀಟಿಯಲ್ಲಿ ಬರೆಯಬಹುದಿತ್ತು. ಬರೆಯಲಿಲ್ಲ. ಹತ್ತು ದಿನ ಕಾಪಾಡಿಕೊಂಡ ದನಿಯನ್ನು ಅಲ್ಲೇ ಖರ್ಚು ಮಾಡಿದೆ.

"ನಾ ಸಹಿ ಮಾಡೂದಿಲ್ರಿ."

ಹರಿದ ಅರಿವೆಯಂತೆ ಬಂತು ದನಿ. ಗಂಟಲಲ್ಲಿ ಗಾಜು ಗೀಚಿದಂತಾಯಿತು. ಆದರೆ ಬಂತು.

"ಏನಂದೆ?" ಎಂದರು ಮೇಡಂ.

"ಮಾದರಿ ಉತ್ತರ ಕೊಟ್ಟವರು ನೀವು. ತಪ್ಪೈತಿ ಅಂತ ಚೀಟಿ ಬರದು ಕೊಟ್ಟೆ, ಬುಟ್ಟಿಗೆ ಹಾಕಿದ್ರಿ. ಕೈ ನಂದು, ತಪ್ಪು ನಿಮ್ಮದು. ಇದಕ್ಕ ಸಹಿ ಮಾಡೂದಿಲ್ಲ. ಸಹಾಯಕಿ ಅಂತ ಅಂತೂ ಸತ್ತರೂ ಮಾಡೂದಿಲ್ಲ."

"ಹಾಗಾದ್ರೆ ನೀನು ಹೊರಡು," ಎಂದರು ಮೇಡಂ.

ಅಷ್ಟರಲ್ಲಿ ಗಂಟೆ ಹೊಡೆಯಿತು. ಐದನೆಯ ಪೀರಿಯಡ್, ನನ್ನದೇ. ಪ್ಲೈವುಡ್ಡಿನ ಆಚೆ ಅರವತ್ತೆರಡು ಮಕ್ಕಳ ಗದ್ದಲ ಶುರುವಾಯಿತು. ಬೆಂಚು ಎಳೆದ ಸದ್ದು. ಯಾರೋ ಅತ್ತರು. ಗೋಡೆಗೆ ಏನೋ ಬಡಿಯಿತು. ಮುರಾರಿ ರಾಯರ ಮುಂದಿನ ಟೀ ಕಪ್ಪು ನಡುಗಿತು. ಆಚೆ ಮಷಿನ್ನು ಗುದ್ದುತ್ತಲೇ ಇತ್ತು.

"ಇದೆಂಥ ಗಲಾಟೆ? ಯಾರೂ ಇಲ್ವಾ ಅಲ್ಲಿ?" ಎಂದರು ರಾಯರು.

ಮೇಡಂ ಅಭ್ಯಾಸಬಲದಿಂದ ನನ್ನ ಕಡೆ ನೋಡಿದರು. ನಾನು ಕದಲಲಿಲ್ಲ. ಹೊರಡು ಎಂದಿದ್ದರಲ್ಲ. ಅವರು ಅನಸೂಯ ಟೀಚರ ಕಡೆ ತಿರುಗಿದರು. "ಟೀಚರ್, ನೀವು ಸ್ವಲ್ಪ ಹೋಗಿ."

ಅನಸೂಯ ಟೀಚರ್ ಏಳಲು ನೋಡಿದರು. ಟೇಬಲ್ಲು ಹಿಡಿದರು. ಮತ್ತೆ ಕೂತರು. "ನನ್ನ ಕೈಲಾಗಲ್ಲ ಮೇಡಂ. ನಿಜವಾಗ್ಲೂ ಆಗಲ್ಲ."

ಆಶ್ರಿತಾ ಅನಸೂಯ ಟೀಚರ ಫಾರ್ಮು ಎತ್ತಿ ನೋಡಿದಳು. ದಣಿವು: ಒಂದು.

ಮಾನಸಿ ತನ್ನ ನಾಲ್ಕನೆಯ ತರಗತಿಯಲ್ಲಿದ್ದಳು. ಜಯಂತ್ ಸರ್ ಮೇಲಿನ ಮಾಳಿಗೆಯಲ್ಲಿದ್ದರು. ಹತ್ತಿರ ಬೇರೆ ಪರ್ಮನೆಂಟಿನವರು ಯಾರೂ ಖಾಲಿ ಇರಲಿಲ್ಲ, ಕೆಳಗೆ ಲ್ಯಾಬಿನಲ್ಲಿ ಕೂತವರ ನೆನಪು ಯಾರಿಗೂ ಬರಲಿಲ್ಲ. ರಮಾಮಣಿ ಮೇಡಂ ಸೀರೆಯ ನೆರಿಗೆ ಸರಿಮಾಡಿಕೊಂಡು ತಾವೇ ಹೋದರು.

ಮೊದಲು "ಸೈಲೆನ್ಸ್" ಎಂದು ಗಟ್ಟಿಯಾಗಿ ಕೇಳಿಸಿತು. ಒಂದು ಕ್ಷಣ ಎಲ್ಲ ತಣ್ಣಗಾಯಿತು. ಆಮೇಲೆ ಮಷಿನ್ನು ಗುದ್ದಿತು. "ಐದನೇ ಕ್ಲಾಸಿನವರು ಪುಸ್ತಕ ತೆಗೀರಿ." ಆರರವರು ಏನೋ ಕೇಳಿದರು. "ನಿಮಗಲ್ಲ, ನೀವು ಕೂತ್ಕೊಳ್ಳಿ." ಏಳರ ಹಿಂದಿನ ಬೆಂಚಿನಿಂದ ಶಿಳ್ಳೆ. ಮೇಡಂ ಇನ್ನೂ ಮೇಲಿನ ದನಿ ತೆಗೆದರು. ಆಮೇಲೆ ಅದಕ್ಕೂ ಮೇಲಿನದು. ಐದನೆಯ ನಿಮಿಷಕ್ಕೆ ದನಿ ಒಡೆಯಿತು. ಕೆಮ್ಮು ಬಂತು. ಶಂಭು ನೀರಿನ ಲೋಟ ಹಿಡಿದು ಓಡಿದ.

"ಇದು ಇನ್ನೆಷ್ಟು ಹೊತ್ತು?" ಎಂದು ರಾಯರು ಗಡಿಯಾರ ನೋಡಿದರು.

"ಪೀರಿಯಡ್ ಮೂವತ್ತೈದು ನಿಮಿಷರಿ," ಎಂದೆ. "ಇನ್ನ ಮೂವತ್ತು ಅವ."

ಅನಸೂಯ ಟೀಚರ್ ನೆಲ ನೋಡುತ್ತ ಅಂದರು, "ಆ ಫಾರ್ಮು ಮಹಾನಂದಾ ಸ್ವಂತಕ್ಕೆ ಬರೆದಿದ್ದಲ್ಲ ಕಣಮ್ಮ. ನಮಗೆಲ್ಲ ಸರಿಯುತ್ತರ ಕೊಟ್ಟಿದ್ರು. ನಂದು ಆರು. ಎಲ್ಲಾದಕ್ಕೂ ಆರು." ಮೇಡಂ ರೂಮಿನಲ್ಲಿದ್ದಾಗ ಈ ಮಾತು ಬಂದಿದ್ದರೆ ನಾನು ಅವರ ಕಾಲು ಮುಟ್ಟುತ್ತಿದ್ದೆ. ಈಗ ಮುಟ್ಟಲಿಲ್ಲ. ಆದರೂ ಬಂತಲ್ಲ.

ಆಶ್ರಿತಾ ಬ್ಯಾಗಿನಿಂದ ಒಂದು ಖಾಲಿ ಫಾರ್ಮು ತೆಗೆದು ನನ್ನ ಕಡೆ ಚಾಚಿದಳು. "ನೀವೂ ತುಂಬಿ ಕೊಡಿ ಮೇಡಂ. ಸ್ಯಾಂಪಲ್ಲಲ್ಲಿ ಬರಲ್ಲ. ಆದ್ರೂ ನಾನು ಬೇರೆಯಾಗಿ ಇಟ್ಕೋತೀನಿ."

"ಬ್ಯಾರೆ ಇಡಬ್ಯಾಡ್ರಿ," ಎಂದೆ. ಆಗಲೇ ದನಿ ಅರ್ಧ ಹೋಗಿತ್ತು. "ಎಂಟು ವರ್ಷ ಬ್ಯಾರೆನೇ ಇಟ್ಟಾರ. ಹನ್ನೊಂದು ಮಂದಿ ಅದೀವಿ. ಹನ್ನೊಂದೂ ಅವರ ಒಂಬತ್ತರ ಜೋಡಿ ಒಂದ ಕಟ್ಟಿನಾಗ ಇಡ್ರಿ. ಆಗೂದಿಲ್ಲಂದ್ರ ಈ ಸಾಲಿಯೊಳಗ ಏನೂ ಅಳದಿಲ್ಲ ಅಂತ ಬರೀರಿ."

ಅವಳು ಚಾಚಿದ ಫಾರ್ಮನ್ನು ವಾಪಸು ತೆಗೆದುಕೊಳ್ಳಲಿಲ್ಲ. ನಾನು ಅದನ್ನು ಮಡಚಿ ಹಿಡಿದುಕೊಂಡೆ, ಝೆರಾಕ್ಸ್ ಮಾಡಿಸಲು. ಮೇಡಂ ಟೈಪ್ ಮಾಡಿಸಿದ ಕಾಗದ ಸಹಿ ಇಲ್ಲದೆ ಟೇಬಲ್ಲಿನ ಮೇಲೆ ಬಿದ್ದಿತ್ತು. ಮುರಾರಿ ರಾಯರು, "ಅಲ್ಲ, ಸ್ವಲ್ಪ ನಿಲ್ಲು ಮಾರಾಯ್ತಿ," ಎಂದರು. ನಾನು ಹೊರಗೆ ಬಂದೆ.

ಮೆಟ್ಟಿಲ ಹತ್ತಿರ ಇದ್ದಾಗ ಹಾಲಿನ ಬಾಗಿಲು ತೆರೆಯಿತು. ಹಿಂದಿನಿಂದ ಗದ್ದಲ ಉಕ್ಕಿ ಬಂತು.

"ಮಹಾನಂದಾ."

ನಾನು ಇಳಿಯತೊಡಗಿದೆ.

"ಮಹಾನಂದಾ, ಒಮ್ಮೆ ಬಾ."

ಆ ದನಿ ರಮಾಮಣಿ ಮೇಡಂದು ಎಂದು ಗುರುತು ಸಿಗದಷ್ಟು ಸೀಳಿತ್ತು. ಇನ್ನೂ ನಾಲ್ಕು ಮೆಟ್ಟಿಲು ಇಳಿದೆ.

"ಮಹಾನಂದಾ ಟೀಚರ್."

ಎಂಟು ವರ್ಷದಲ್ಲಿ ಆ ಬಾಯಿಂದ ನನ್ನ ಹೆಸರಿನ ಜೊತೆ ಟೀಚರ್ ಎಂಬ ಶಬ್ದ ಬಂದದ್ದು ಅದೇ ಮೊದಲು. ನಿಂತೆ. ಮಕ್ಕಳ ಸದ್ದು ಕೇಳುತ್ತಿತ್ತು. ಯಾರು ಅಳುತ್ತಿದ್ದಾರೆ, ಯಾರು ಬೆಂಚು ಹತ್ತಿದ್ದಾರೆ, ನೋಡದೆಯೇ ನನಗೆ ಗೊತ್ತಾಗುತ್ತಿತ್ತು. ಒಳಗೆ ಹೋಗಿ ಒಂದು ಸಲ ಟೇಬಲ್ಲು ಕುಟ್ಟಿದರೆ ಸಾಕು, ಎಲ್ಲರೂ ಕೂರುತ್ತಾರೆ. ಕಾಲು ತಿರುಗಲೂ ನೋಡಿತು.

ನಾನು ಓಗೊಡಲಿಲ್ಲ. ಕೆಳಗೆ ಲ್ಯಾಬಿನಲ್ಲಿ ಸ್ಟೂಲುಗಳ ಮೇಲೆ ನಮ್ಮವರು ಮೂವರು ಉಣ್ಣುತ್ತ ಕೂತಿದ್ದರು. ಫಾರ್ಮನ್ನು ಬಿಡಿಸಿ ಅವರ ಮುಂದೆ ಇಟ್ಟೆ.